ಬಾಲ್ಯದ ಆರಂಭದಲ್ಲಿ ಸೃಜನಶೀಲ ಆಟ

ಸೃಜನಶೀಲ ಆಟ ಎಂದರೆ ಮಗುವು ತನ್ನ ಕಲ್ಪನೆಯನ್ನು ಬಳಸಿ, ಕೈಗೆ ಸಿಕ್ಕ ವಸ್ತುವಿಗೆ ಹೊಸ ಅರ್ಥ ಕೊಟ್ಟು, ತಾನೇ ನಿಯಮಗಳನ್ನು ಹೂಡಿಕೊಂಡು ಆಡುವ ಆಟ. ಕೋಲನ್ನು ಕುದುರೆ ಮಾಡಿಕೊಳ್ಳುವುದು, ಮಣ್ಣಿನಲ್ಲಿ ಎತ್ತು ತಿದ್ದುವುದು, ಚಿಪ್ಪಿನಲ್ಲಿ ಅಡುಗೆ ಮಾಡಿ ಬಡಿಸುವುದು, ಟೀಚರಾಗಿ ಗೊಂಬೆಗಳಿಗೆ ಪಾಠ ಹೇಳುವುದು, ಗೀಚಿ ಬಣ್ಣ ತುಂಬುವುದು ಇವೆಲ್ಲ ಇದರ ರೂಪಗಳು. ಹುಟ್ಟಿನಿಂದ ಎಂಟು ವರ್ಷದವರೆಗಿನ ಅವಧಿಯನ್ನು ಶಿಕ್ಷಣ ಮತ್ತು ಆರೋಗ್ಯ ಕ್ಷೇತ್ರಗಳಲ್ಲಿ ಬಾಲ್ಯದ ಆರಂಭ ಎಂದು ಪರಿಗಣಿಸುತ್ತಾರೆ. ಭಾಷೆ, ಆಲೋಚನೆ, ಸ್ವನಿಯಂತ್ರಣ, ಸಾಮಾಜಿಕ ವರ್ತನೆ ಮತ್ತು ದೇಹದ ಚಲನೆಗಳು ಬಲಗೊಳ್ಳುವ ಈ ಅವಧಿಯಲ್ಲಿ ಆಟವೇ ಮಗುವಿನ ಕಲಿಕೆಯ ಮುಖ್ಯ ಮಾರ್ಗ ಎಂಬುದು ಇಂದಿನ ಶಿಶುಶಿಕ್ಷಣದ ಮೂಲ ತತ್ತ್ವಗಳಲ್ಲೊಂದು.

ಕರ್ನಾಟಕದಲ್ಲಿ ಈ ವಯಸ್ಸಿನ ಬಹುಪಾಲು ಗ್ರಾಮೀಣ ಮಕ್ಕಳಿಗೆ ಆಟದ ಮೊದಲ ಸಾರ್ವಜನಿಕ ಜಾಗ ಅಂಗನವಾಡಿ. ಹೀಗಾಗಿ ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಸೊಕ್ಕೆಯಂತಹ ಮಳೆಯಾಶ್ರಿತ ಊರುಗಳಲ್ಲಿ ಸೃಜನಶೀಲ ಆಟದ ವಿಷಯವು ಅಂಗನವಾಡಿಯ ದಿನಚರಿ, ಪೌಷ್ಟಿಕತೆ, ತಾಯಂದಿರ ದುಡಿಮೆ ಮತ್ತು ಮನೆಮಾತಿನ ಪ್ರಶ್ನೆಗಳೊಂದಿಗೆ ಹೆಣೆದುಕೊಂಡಿದೆ.

## ಲಕ್ಷಣಗಳು

ಸೃಜನಶೀಲ ಆಟವನ್ನು ಇತರ ಚಟುವಟಿಕೆಗಳಿಂದ ಬೇರ್ಪಡಿಸುವ ಕೆಲವು ಲಕ್ಷಣಗಳು ಹೀಗಿವೆ:

* ಆಟವನ್ನು ಮಗು ತಾನಾಗಿ ಆರಿಸಿಕೊಳ್ಳುತ್ತದೆ. ಯಾವಾಗ ಬೇಕಾದರೂ ಬಿಡಬಹುದು.
* ಆಟದ ಫಲಿತಾಂಶಕ್ಕಿಂತ ಆಡುವ ಕ್ರಿಯೆಯೇ ಮುಖ್ಯ. ಕಟ್ಟಿದ ಮರಳಿನ ಗೂಡನ್ನು ಮಗು ಮರುಕ್ಷಣ ಕೆಡಿಸಬಲ್ಲದು.
* ಒಂದು ವಸ್ತು ಇನ್ನೊಂದರ ಸ್ಥಾನದಲ್ಲಿ ನಿಲ್ಲುತ್ತದೆ. ಎಲೆ ತಟ್ಟೆಯಾಗುತ್ತದೆ, ಹುಣಸೆಬೀಜ ದುಡ್ಡಾಗುತ್ತದೆ.
* ಸರಿ ಉತ್ತರ ಎಂಬುದು ಮೊದಲೇ ನಿಗದಿಯಾಗಿರುವುದಿಲ್ಲ.

ದೊಡ್ಡವರು ಬರೆದುಕೊಟ್ಟ ಚಿತ್ರಕ್ಕೆ ಹೇಳಿದ ಬಣ್ಣವನ್ನೇ ತುಂಬುವುದು ಕೈಗೆ ಅಭ್ಯಾಸ ಕೊಡುತ್ತದೆಯಾದರೂ ಈ ಅರ್ಥದಲ್ಲಿ ಅದು ಸೃಜನಶೀಲ ಆಟವಲ್ಲ. ಅದೇ ರೀತಿ ಗುಂಡಿ ಒತ್ತಿದರೆ ತಾನೇ ಹಾಡುವ, ಓಡುವ ಆಟಿಕೆಯಲ್ಲಿ ಕೆಲಸವೆಲ್ಲ ಆಟಿಕೆಯದ್ದಾಗಿ, ಮಗು ನೋಡುಗನಾಗಿ ಉಳಿಯುತ್ತದೆ. ಮಣ್ಣು, ನೀರು, ಮರಳು, ಬಟ್ಟೆತುಂಡು, ಖಾಲಿ ಡಬ್ಬಿಗಳನ್ನು ಹಲವು ಬಗೆಯಲ್ಲಿ ಬಳಸಬಹುದಾದ್ದರಿಂದ ಇವುಗಳನ್ನು ತೆರೆದ ಬಳಕೆಯ ಸಾಮಗ್ರಿಗಳು ಎನ್ನುತ್ತಾರೆ.

## ವಯಸ್ಸಿಗೆ ತಕ್ಕ ಹಂತಗಳು

ಮೊದಲ ವರ್ಷದಲ್ಲಿ ಆಟವು ಇಂದ್ರಿಯಗಳಿಗೆ ಸಂಬಂಧಿಸಿದ್ದು. ಮಗು ವಸ್ತುವನ್ನು ಬಾಯಿಗೆ ಹಾಕಿ, ಬಡಿದು, ಬೀಳಿಸಿ ಅದರ ಗುಣವನ್ನು ಅರಿಯುತ್ತದೆ. ಸುಮಾರು ಒಂದೂವರೆ ವರ್ಷದ ಹೊತ್ತಿಗೆ ಖಾಲಿ ಲೋಟದಿಂದ ಹಾಲು ಕುಡಿಯುವಂತೆ ನಟಿಸುವ ಸಾಂಕೇತಿಕ ಆಟ ಕಾಣಿಸಿಕೊಳ್ಳುತ್ತದೆ. ಮೂರರಿಂದ ಆರು ವರ್ಷದ ಅವಧಿಯಲ್ಲಿ ಈ ನಟನೆ ಬೆಳೆದು ಅಪ್ಪ-ಅಮ್ಮನ ಆಟ, ಅಂಗಡಿ ಆಟ, ಬಸ್ಸಿನ ಆಟಗಳಂತಹ ಗುಂಪಿನ ಪಾತ್ರಾಭಿನಯವಾಗುತ್ತದೆ. ಆರು ವರ್ಷದ ನಂತರ ಎಲ್ಲರಿಗೂ ಒಂದೇ ನಿಯಮವಿರುವ ಆಟಗಳು ಹೆಚ್ಚುತ್ತವೆ.

ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳು ಪರಸ್ಪರ ಬೆರೆಯುವ ಪ್ರಮಾಣದ ಆಧಾರದ ಮೇಲೆ ಆಟವನ್ನು ವಿಂಗಡಿಸಿದರು. ಇತರರ ಆಟವನ್ನು ನೋಡುತ್ತ ನಿಲ್ಲುವುದು, ಒಂಟಿಯಾಗಿ ಆಡುವುದು, ಪಕ್ಕದಲ್ಲೇ ಕುಳಿತು ಬೇರೆಬೇರೆಯಾಗಿ ಆಡುವುದು, ಸಾಮಗ್ರಿ ಹಂಚಿಕೊಂಡು ಆಡುವುದು, ಒಂದೇ ಉದ್ದೇಶಕ್ಕೆ ಕೆಲಸ ಹಂಚಿಕೊಂಡು ಆಡುವುದು ಇವು ಅವರು ಗುರುತಿಸಿದ ಬಗೆಗಳಲ್ಲಿ ಸೇರಿವೆ. ಇವು ಕಟ್ಟುನಿಟ್ಟಿನ ಮೆಟ್ಟಿಲುಗಳಲ್ಲ. ಐದು ವರ್ಷದ ಮಗುವೂ ಒಂಟಿಯಾಗಿ ಆಡಬಹುದು. ಅದು ಹಿಂದುಳಿದಿರುವುದರ ಸೂಚನೆಯಲ್ಲ.

## ಚಿಂತನೆಯ ಇತಿಹಾಸ

ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ 1837ರಲ್ಲಿ ಬಾಡ್ ಬ್ಲಾಂಕೆನ್‌ಬರ್ಗ್‌ನಲ್ಲಿ ಚಿಕ್ಕ ಮಕ್ಕಳಿಗಾಗಿ ಆಟ ಮತ್ತು ಚಟುವಟಿಕೆಗಳ ಸಂಸ್ಥೆಯನ್ನು ಆರಂಭಿಸಿ, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟರು. ಚೆಂಡು, ಘನ, ಉರುಳೆಗಳಂತಹ ಆಕಾರಗಳ ಜೋಡಣೆಯನ್ನು ಕಲಿಕೆಯ ಸಾಧನವಾಗಿ ಬಳಸಿದವರಲ್ಲಿ ಅವರು ಮೊದಲಿಗರು. ಇಟಲಿಯ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಬಡ ಬಡಾವಣೆಯಲ್ಲಿ ಮಕ್ಕಳ ಮನೆಯನ್ನು ತೆರೆದರು. 1939ರಲ್ಲಿ ಭಾರತಕ್ಕೆ ಬಂದ ಅವರು ಎರಡನೇ ಮಹಾಯುದ್ಧದ ವರ್ಷಗಳನ್ನು ಇಲ್ಲಿಯೇ ಕಳೆದು ಶಿಕ್ಷಕರಿಗೆ ತರಬೇತಿ ನೀಡಿದರು. ಮಾಂಟೆಸ್ಸರಿಯವರು ಕಾಲ್ಪನಿಕ ನಟನೆಗಿಂತ ನಿಜವಾದ ಕೆಲಸಗಳಿಗೆ ಒತ್ತು ಕೊಟ್ಟಿದ್ದರಿಂದ, ಕಲ್ಪನೆಯ ಆಟದ ವಿಷಯದಲ್ಲಿ ಈ ಎರಡು ಪರಂಪರೆಗಳ ನಿಲುವು ಒಂದೇ ಅಲ್ಲ.

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಆಟವನ್ನು ಮಗು ಹೊರಜಗತ್ತನ್ನು ತನ್ನ ಅರಿವಿನ ಚೌಕಟ್ಟಿಗೆ ಹೊಂದಿಸಿಕೊಳ್ಳುವ ಕ್ರಿಯೆ ಎಂದು ವಿವರಿಸಿದರು. ರಷ್ಯಾದ ಲೆವ್ ವೈಗಾಟ್‌ಸ್ಕಿ ಆಟಕ್ಕೆ ಇನ್ನೂ ಹೆಚ್ಚಿನ ಸ್ಥಾನ ಕೊಟ್ಟರು. ಅವರ ಪ್ರಕಾರ ಕಲ್ಪನೆಯ ಆಟದಲ್ಲಿಯೂ ನಿಯಮವಿದೆ. ತಾಯಿಯ ಪಾತ್ರ ವಹಿಸಿದ ಮಗು ತಾಯಿಯಂತೆಯೇ ನಡೆದುಕೊಳ್ಳಬೇಕು. ಅಳಬೇಕೆನಿಸಿದರೂ ಪಾತ್ರಕ್ಕಾಗಿ ತಡೆದುಕೊಳ್ಳಬೇಕು. ಹೀಗೆ ಆಟದಲ್ಲಿ ಮಗು ತನ್ನ ದಿನನಿತ್ಯದ ಸಾಮರ್ಥ್ಯವನ್ನು ಮೀರಿ ವರ್ತಿಸಲು ಕಲಿಯುತ್ತದೆ. ಕೋಲು ಕುದುರೆಯಾಗುವಾಗ ವಸ್ತುವಿನಿಂದ ಅರ್ಥವು ಬೇರ್ಪಡುತ್ತದೆ. ಮುಂದೆ ಅಕ್ಷರ ಮತ್ತು ಅಂಕಿಗಳನ್ನು ಸಂಕೇತಗಳಾಗಿ ಗ್ರಹಿಸಲು ಇದು ಪೂರ್ವಸಿದ್ಧತೆ.

ಭಾರತದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿ ಕಥೆ, ಹಾಡು, ನಾಟಕಗಳನ್ನು ಶಿಶುಶಿಕ್ಷಣದ ಕೇಂದ್ರಕ್ಕೆ ತಂದರು. ಅವರೊಂದಿಗೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಆದಿವಾಸಿ ಮಕ್ಕಳ ನಡುವೆ, ಅವರ ಹಟ್ಟಿಗಳಿಗೇ ಹೋಗಿ ನಡೆಸುವ ಅಂಗಳದ ಶಾಲೆಗಳನ್ನು ರೂಪಿಸಿದರು. ಕನ್ನಡದಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಬಿ. ವಿ. ಕಾರಂತ ಮತ್ತು ಪ್ರೇಮಾ ಕಾರಂತರು ಮಕ್ಕಳ ರಂಗಭೂಮಿಯನ್ನು ಬೆಳೆಸಿದರು.

## ಬೆಳವಣಿಗೆಯಲ್ಲಿ ಆಟದ ಪಾತ್ರ

### ಭಾಷೆ

ಪಾತ್ರಾಭಿನಯದ ಆಟದಲ್ಲಿ ಮಾತು ಎರಡು ನೆಲೆಗಳಲ್ಲಿ ನಡೆಯುತ್ತದೆ. ಒಂದು, ಪಾತ್ರದ ಒಳಗಿನ ಮಾತು. ಇನ್ನೊಂದು, ಆಟವನ್ನು ಹೂಡುವ ಮಾತು. "ನೀನು ಕಂಡಕ್ಟರ್, ನಾನು ಊರಿಗೆ ಹೋಗೋಳು" ಎಂಬಂತಹ ಒಪ್ಪಂದಗಳಿಗೆ ಇಲ್ಲದ ಸಂಗತಿಯನ್ನು ಮಾತಿನಲ್ಲಿ ಕಟ್ಟುವ ಶಕ್ತಿ ಬೇಕು. ಕಥೆ ಹೇಳುವ, ಘಟನೆಗಳನ್ನು ಕ್ರಮವಾಗಿ ಜೋಡಿಸುವ ಸಾಮರ್ಥ್ಯ ಇದರಿಂದ ಬಳಕೆಗೆ ಬರುತ್ತದೆ.

### ಆಲೋಚನೆ ಮತ್ತು ಗಣಿತದ ತಳಹದಿ

ಕಲ್ಲು, ಬೀಜ, ಬಳೆಚೂರುಗಳನ್ನು ಬಣ್ಣ ಮತ್ತು ಗಾತ್ರದ ಪ್ರಕಾರ ವಿಂಗಡಿಸುವಾಗ ವರ್ಗೀಕರಣ, ಅಂಗಡಿ ಆಟದಲ್ಲಿ ಎಣಿಕೆ, ಗೂಡು ಕಟ್ಟುವಾಗ ಸಮತೋಲನ ಮತ್ತು ಆಕಾರದ ಅರಿವು ಮೂಡುತ್ತದೆ. ಒದ್ದೆ ಮರಳನ್ನು ಕಾಲಿನ ಮೇಲೆ ಗುಡ್ಡೆ ಹಾಕಿ, ತಟ್ಟಿ, ಮೆಲ್ಲಗೆ ಕಾಲೆಳೆದು ಗುಬ್ಬಿಗೂಡು ಮಾಡುವ ಮಗು ಎಷ್ಟು ತೇವವಿದ್ದರೆ ಮರಳು ನಿಲ್ಲುತ್ತದೆ ಎಂಬುದನ್ನು ಪ್ರಯೋಗದಿಂದಲೇ ಅರಿಯುತ್ತದೆ.

### ಸ್ವನಿಯಂತ್ರಣ ಮತ್ತು ಭಾವನೆ

ಸರದಿಗೆ ಕಾಯುವುದು, ಪಾತ್ರ ಬಿಟ್ಟುಕೊಡುವುದು, ಸೋಲನ್ನು ಸಹಿಸುವುದು ಆಟದೊಳಗೆ ರೂಢಿಯಾಗುತ್ತದೆ. ಸೂಜಿಮದ್ದಿಗೆ ಹೆದರಿದ ಮಗು ಮನೆಗೆ ಬಂದು ಗೊಂಬೆಗೆ ಸೂಜಿ ಚುಚ್ಚುವ ಆಟ ಆಡುವುದನ್ನು ಪೋಷಕರು ಸಾಮಾನ್ಯವಾಗಿ ಕಾಣುತ್ತಾರೆ. ಭಯವನ್ನು ತನ್ನ ಹಿಡಿತದಲ್ಲಿರುವ ರೂಪಕ್ಕೆ ತಂದುಕೊಳ್ಳುವ ಈ ಗುಣವನ್ನು ಮಕ್ಕಳ ಮನೋಚಿಕಿತ್ಸೆಯಲ್ಲಿಯೂ ಬಳಸುತ್ತಾರೆ.

### ದೇಹದ ಚಲನೆ

ಮಣ್ಣು ಕಲಸುವುದು, ಹೂ ಪೋಣಿಸುವುದು, ಕಾಗದ ಹರಿಯುವುದು ಬೆರಳುಗಳ ಸಣ್ಣ ಸ್ನಾಯುಗಳನ್ನು ಬಲಪಡಿಸಿ ಮುಂದೆ ಬಳಪ, ಪೆನ್ಸಿಲ್ ಹಿಡಿಯಲು ನೆರವಾಗುತ್ತವೆ. ಓಟ, ಜಿಗಿತ, ಹತ್ತುವುದು ದೊಡ್ಡ ಸ್ನಾಯುಗಳಿಗೆ ಅಗತ್ಯ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ 3–4 ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ದೈಹಿಕ ಚಟುವಟಿಕೆಯಲ್ಲಿ ತೊಡಗಿರಬೇಕು. ಈ ವಯಸ್ಸಿನಲ್ಲಿ ಕುಳಿತು ಪರದೆ ನೋಡುವ ಅವಧಿ ಒಂದು ಗಂಟೆಯನ್ನು ಮೀರಬಾರದು. ಎರಡು ವರ್ಷದೊಳಗಿನವರಿಗೆ ಪರದೆಯನ್ನು ಶಿಫಾರಸು ಮಾಡಲಾಗಿಲ್ಲ.

## ಆಟ ಮತ್ತು ಪೌಷ್ಟಿಕತೆ

ಆಹಾರದ ಕೊರತೆಯಿಂದ ಬೆಳವಣಿಗೆ ಕುಂಠಿತವಾದ ಮಕ್ಕಳಿಗೆ ಆಟ ಎರಡನೆಯ ಮಾತು, ಮೊದಲು ಊಟ ಎಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ 1980ರ ದಶಕದಲ್ಲಿ ಸ್ಯಾಲಿ ಗ್ರಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ಈ ಅಭಿಪ್ರಾಯವನ್ನು ಪರೀಕ್ಷಿಸಿತು. 9ರಿಂದ 24 ತಿಂಗಳ ವಯಸ್ಸಿನ, ಬೆಳವಣಿಗೆ ಕುಂಠಿತವಾಗಿದ್ದ 129 ಮಕ್ಕಳನ್ನು ನಾಲ್ಕು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಪೂರಕ ಆಹಾರ, ಒಂದಕ್ಕೆ ಆಟದ ನೆರವು, ಒಂದಕ್ಕೆ ಎರಡೂ ದೊರೆತವು. ನಾಲ್ಕನೆಯದಕ್ಕೆ ಈ ಎರಡೂ ಇರಲಿಲ್ಲ. ಆಟದ ನೆರವು ಎಂದರೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ಕಾಲ ವಾರಕ್ಕೊಮ್ಮೆ ಮನೆಗೆ ಹೋಗಿ, ಮನೆಯಲ್ಲಿಯೇ ಮಾಡಬಹುದಾದ ಆಟಿಕೆಗಳಿಂದ ಮಗುವಿನೊಂದಿಗೆ ಆಡುವ ಬಗೆಯನ್ನು ತಾಯಿಗೆ ತೋರಿಸುವುದು.

ಇಪ್ಪತ್ತು ವರ್ಷಗಳ ನಂತರದ ಸ್ಥಿತಿಯನ್ನು 2014ರಲ್ಲಿ ಪ್ರಕಟಿಸಲಾಯಿತು. ಆಟದ ನೆರವು ಪಡೆದಿದ್ದವರ ಸಂಪಾದನೆ, ಪಡೆಯದಿದ್ದ ಕುಂಠಿತ ಬೆಳವಣಿಗೆಯ ಮಕ್ಕಳಿಗಿಂತ ಸರಾಸರಿ 25 ಶೇಕಡಾ ಹೆಚ್ಚಿತ್ತು. ಊಟ ಬೇಡವೆಂಬುದು ಇದರ ಅರ್ಥವಲ್ಲ. ಊಟದ ಜೊತೆಗೆ ಆಟವೂ ಸಿಗದಿದ್ದರೆ ಬಡ ಮಗು ಇನ್ನೊಂದು ನಷ್ಟಕ್ಕೆ ಒಳಗಾಗುತ್ತದೆ ಎಂಬುದು ಇದರ ಸಾರ. ಆಹಾರ ವಿತರಣೆ ಮತ್ತು ಶಾಲಾಪೂರ್ವ ಶಿಕ್ಷಣ ಎರಡೂ ಒಂದೇ ಸೂರಿನಡಿ ನಡೆಯುವ ಅಂಗನವಾಡಿಗೆ ಈ ಫಲಿತಾಂಶ ನೇರವಾಗಿ ಸಂಬಂಧಿಸಿದೆ.

## ಕಾನೂನು ಮತ್ತು ನೀತಿ

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯು ವಿಶ್ರಾಂತಿ, ವಿರಾಮ ಮತ್ತು ಆಟವನ್ನು ಮಗುವಿನ ಹಕ್ಕೆಂದು ಗುರುತಿಸುತ್ತದೆ. ಭಾರತ 1992ರಲ್ಲಿ ಈ ಒಡಂಬಡಿಕೆಯನ್ನು ಅಂಗೀಕರಿಸಿತು. 2024ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಜೂನ್ 11ನ್ನು ಅಂತರರಾಷ್ಟ್ರೀಯ ಆಟದ ದಿನವೆಂದು ಘೋಷಿಸಿತು.

2002ರ 86ನೇ ತಿದ್ದುಪಡಿಯ ನಂತರ ಭಾರತ ಸಂವಿಧಾನದ 45ನೇ ವಿಧಿಯು ಆರು ವರ್ಷದೊಳಗಿನ ಎಲ್ಲ ಮಕ್ಕಳಿಗೆ ಆರೈಕೆ ಮತ್ತು ಶಿಕ್ಷಣ ಒದಗಿಸಲು ರಾಜ್ಯವು ಪ್ರಯತ್ನಿಸಬೇಕು ಎನ್ನುತ್ತದೆ. ಇದು ನಿರ್ದೇಶಕ ತತ್ತ್ವವಾಗಿದ್ದು, 2009ರ ಶಿಕ್ಷಣ ಹಕ್ಕು ಕಾಯ್ದೆಯ ಖಾತರಿ 6ರಿಂದ 14 ವರ್ಷದವರಿಗೆ ಮಾತ್ರ ಅನ್ವಯಿಸುತ್ತದೆ. ಅಂದರೆ ಆಟವೇ ಕಲಿಕೆಯಾಗಿರುವ ವಯಸ್ಸು ಕಾನೂನಿನ ಖಾತರಿಯ ಹೊರಗೆ ಉಳಿದಿದೆ. 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ, 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹಾಗೂ 2022ರಲ್ಲಿ ಬಿಡುಗಡೆಯಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆಟ ಆಧಾರಿತ ಕಲಿಕೆಯನ್ನು ಒತ್ತಿಹೇಳುತ್ತವೆ. 3ರಿಂದ 8 ವರ್ಷದ ಐದು ವರ್ಷಗಳನ್ನು ಬುನಾದಿ ಹಂತವೆಂದು ಗುರುತಿಸಲಾಗಿದೆ. ಈ ಹಂತಕ್ಕಾಗಿ ಆಟಿಕೆ, ಒಗಟಿನ ತುಣುಕು, ಕಥೆಪುಸ್ತಕ ಮತ್ತು ಚಿತ್ರಪಟಗಳಿರುವ ಜಾದುಯಿ ಪಿಟಾರಾ ಎಂಬ ಪೆಟ್ಟಿಗೆಯನ್ನು 2023ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಲಾಯಿತು.

## ಕರ್ನಾಟಕದಲ್ಲಿ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರ ಇದಕ್ಕೆ ಆಯ್ಕೆಯಾಗಿತ್ತು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಹೆಚ್ಚಿನ ಚಿಕಿತ್ಸೆಗೆ ಶಿಫಾರಸು, ತಾಯಂದಿರಿಗೆ ಆರೋಗ್ಯ ತಿಳುವಳಿಕೆ ಹಾಗೂ ಶಾಲಾಪೂರ್ವ ಶಿಕ್ಷಣ ಯೋಜನೆಯ ಆರು ಸೇವೆಗಳು. 3ರಿಂದ 6 ವರ್ಷದ ಮಕ್ಕಳ ಆಟ-ಪಾಠ ಇವುಗಳಲ್ಲಿ ಕೊನೆಯದಕ್ಕೆ ಸೇರುತ್ತದೆ. ರಾಜ್ಯದ ಅಂಗನವಾಡಿಗಳಲ್ಲಿ ಚಿಲಿಪಿಲಿ ಎಂಬ ಚಟುವಟಿಕೆ ಆಧಾರಿತ ಪಠ್ಯವನ್ನು ಬಳಸಲಾಗುತ್ತಿದೆ.

ಪ್ರಾಥಮಿಕ ಶಾಲೆಯ ಮೊದಲ ತರಗತಿಗಳಲ್ಲಿ ಇದರ ಮುಂದುವರಿಕೆ ನಲಿ-ಕಲಿ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ, ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರೇರಣೆಯಿಂದ ಶಿಕ್ಷಕರೇ ರೂಪಿಸಿದ ಈ ಪದ್ಧತಿಯಲ್ಲಿ ಮಗು ಕಾರ್ಡು, ಹಾಡು, ಆಟಗಳ ಮೂಲಕ ತನ್ನ ವೇಗದಲ್ಲಿ ಕಲಿಯುತ್ತದೆ. 2009-10ರಿಂದ ಅದನ್ನು ರಾಜ್ಯದಾದ್ಯಂತ ವಿಸ್ತರಿಸಲಾಯಿತು. ಮೂರು ವರ್ಷದೊಳಗಿನ ಮಕ್ಕಳಿಗಾಗಿ, ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರನ್ನು ಗಮನದಲ್ಲಿಟ್ಟು, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರಗಳನ್ನು 2023-24ರ ಆಯವ್ಯಯದಲ್ಲಿ ಘೋಷಿಸಲಾಯಿತು.

## ಸೊಕ್ಕೆ ಮತ್ತು ದಾವಣಗೆರೆ ಸೀಮೆಯ ಸಂದರ್ಭ

ಸೊಕ್ಕೆಯು ಜಗಳೂರು ತಾಲ್ಲೂಕಿನ ಹೋಬಳಿ ಕೇಂದ್ರ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಈ ತಾಲ್ಲೂಕು ಮಳೆ ಕಡಿಮೆ ಬೀಳುವ ಬಯಲುಸೀಮೆ. ಮೆಕ್ಕೆಜೋಳ, ಶೇಂಗಾ, ರಾಗಿ, ಜೋಳ, ಈರುಳ್ಳಿ ಇಲ್ಲಿನ ಬೆಳೆಗಳು. ಅದೇ ಜಿಲ್ಲೆಯ ಚನ್ನಗಿರಿ ಮತ್ತು ಹೊನ್ನಾಳಿಯ ಭಾಗಗಳು ಭದ್ರಾ ಕಾಲುವೆಯ ನೀರು, ಭತ್ತ ಮತ್ತು ಅಡಿಕೆ ತೋಟಗಳ ಸೀಮೆ.

ಮಕ್ಕಳ ಆಟದ ಸಾಮಗ್ರಿಯೂ ಈ ನೆಲದ ಗುಣವನ್ನು ಅನುಸರಿಸುತ್ತದೆ. ತೋಟದ ಸೀಮೆಯಲ್ಲಿ ಉದುರಿದ ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆಯುವ ಬಂಡಿ ಜನಪ್ರಿಯ. ಬಯಲುಸೀಮೆಯಲ್ಲಿ ಜೋಳದ ದಂಟಿನ ಬೆಂಡು ಮತ್ತು ಸಿಬಿರುಗಳಿಂದ ಬಂಡಿ, ಕನ್ನಡಕಗಳನ್ನು ಮಾಡುತ್ತಾರೆ. ಹಳೆಯ ಟೈರನ್ನು ಕೋಲಿನಿಂದ ಓಡಿಸುವುದು ಎರಡೂ ಕಡೆ ಇದೆ. ಮಧ್ಯ ಮತ್ತು ಉತ್ತರ ಕರ್ನಾಟಕದಲ್ಲಿ ಮುಂಗಾರಿನ ಆರಂಭದಲ್ಲಿ ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುತ್ತಾರೆ. ದೊಡ್ಡವರು ತಿದ್ದುವ ಎತ್ತಿನ ಪಕ್ಕದಲ್ಲಿ ಮಕ್ಕಳು ತಮ್ಮ ಪುಟ್ಟ ಎತ್ತು, ಗೋದಲಿಗಳನ್ನು ಮಾಡುವ ಈ ಆಚರಣೆಯಲ್ಲಿ ಬೇಸಾಯ, ಹಬ್ಬ ಮತ್ತು ಆಟ ಒಂದಾಗುತ್ತವೆ. ಕುಂಟೆಬಿಲ್ಲೆ, ಕಣ್ಣಾಮುಚ್ಚಾಲೆ, ಲಗೋರಿ, ಅಳಗುಳಿಮಣೆ ಮುಂತಾದವು ತುಸು ದೊಡ್ಡ ಮಕ್ಕಳ ನಿಯಮದ ಆಟಗಳು. ಅವುಗಳನ್ನು ನೋಡುತ್ತ, ಕೊನೆಗೆ ಲೆಕ್ಕಕ್ಕಿಲ್ಲದವರಾಗಿ ಸೇರಿಕೊಂಡು ಚಿಕ್ಕವರು ಕಲಿಯುತ್ತಾರೆ.

ಭಾಷೆಯ ಪ್ರಶ್ನೆಯೂ ಇಲ್ಲಿ ಮುಖ್ಯ. ಜಿಲ್ಲೆಯಲ್ಲಿ ಕನ್ನಡದ ಜೊತೆಗೆ ಲಂಬಾಣಿ, ಉರ್ದು, ತೆಲುಗು ಮನೆಮಾತಿನ ಕುಟುಂಬಗಳಿವೆ. ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ಪೂಜಿಸುವ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲಿದೆ. ತಾಂಡಾದಿಂದ ಬರುವ ಮಗುವಿಗೆ ಅಂಗನವಾಡಿಯ ಕನ್ನಡ ಮೊದಲಿಗೆ ಅಪರಿಚಿತ. ಪಾಠದಲ್ಲಿ ಮೌನವಾಗಿರುವ ಇಂತಹ ಮಗು ಆಟದಲ್ಲಿ ಕೈಸನ್ನೆ, ವಸ್ತು ಮತ್ತು ಎರಡೂ ಭಾಷೆಗಳ ಮಿಶ್ರಣದಿಂದ ಪಾಲ್ಗೊಳ್ಳಬಲ್ಲದು. ಆಟವು ಮನೆಮಾತಿನಿಂದ ಶಾಲೆಯ ಮಾತಿಗೆ ಸೇತುವೆಯಾಗುವುದು ಹೀಗೆ.

ಬಯಲುಸೀಮೆಯಲ್ಲಿ ಬಿತ್ತನೆ, ಕಳೆ, ಕಟಾವಿನ ದಿನಗಳಲ್ಲಿ ತಾಯಂದಿರು ಬೆಳಗಿನಿಂದ ಹೊಲದಲ್ಲಿರುತ್ತಾರೆ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಕುಟುಂಬಗಳ ಮಕ್ಕಳು ಅಂಗನವಾಡಿಯಿಂದಲೇ ದೂರವಾಗುತ್ತಾರೆ. ಇಂತಹ ಕಡೆ ಮಗುವಿಗೆ ಆಡಲು ಸುರಕ್ಷಿತ ಜಾಗ, ಜೊತೆಗಾರರು ಮತ್ತು ಗಮನ ಕೊಡುವ ಒಬ್ಬ ಹಿರಿಯರು ದೊರೆಯುವುದು ಅಂಗನವಾಡಿ ನಡೆಯುವ ಕ್ರಮವನ್ನೇ ಅವಲಂಬಿಸಿದೆ.

## ಹಿರಿಯರ ಪಾತ್ರ

ಸೃಜನಶೀಲ ಆಟದಲ್ಲಿ ಹಿರಿಯರ ಕೆಲಸ ಆಟವನ್ನು ನಡೆಸುವುದಲ್ಲ, ಆಟಕ್ಕೆ ಅನುವು ಮಾಡಿಕೊಡುವುದು. ಸಾಮಾನ್ಯವಾಗಿ ಸೂಚಿಸುವ ಕ್ರಮಗಳು:

* ದಿನದಲ್ಲಿ ಅಡ್ಡಿಯಿಲ್ಲದ ಆಟದ ಅವಧಿಯನ್ನು ಮೀಸಲಿಡುವುದು.
* ಗೊಂಬೆ, ಕಟ್ಟುವ ಸಾಮಗ್ರಿ, ಪುಸ್ತಕ, ಚಿತ್ರ ಇವುಗಳಿಗೆ ಕೋಣೆಯಲ್ಲಿ ಬೇರೆಬೇರೆ ಮೂಲೆಗಳನ್ನು ಮಾಡಿ, ಮಕ್ಕಳ ಕೈಗೆಟುಕುವಂತೆ ಇಡುವುದು.
* "ಇದೇನು?" ಎಂದು ಪರೀಕ್ಷಿಸುವ ಬದಲು "ಈಗ ಬಸ್ಸು ಎಲ್ಲಿಗೆ ಹೋಗುತ್ತದೆ?" ಎಂದು ಆಟದೊಳಗಿನಿಂದ ಕೇಳುವುದು.
* ಹೆಣ್ಣು ಮಕ್ಕಳಿಗೆ ಅಡುಗೆ, ಗಂಡು ಮಕ್ಕಳಿಗೆ ಗಾಡಿ ಎಂದು ಹಂಚದೆ ಎಲ್ಲ ಆಟಗಳನ್ನೂ ಎಲ್ಲರಿಗೂ ತೆರೆದಿಡುವುದು.
* ದೃಷ್ಟಿ, ಶ್ರವಣ ಅಥವಾ ಚಲನೆಯ ತೊಂದರೆಯಿರುವ ಮಕ್ಕಳಿಗೆ ಗೆಜ್ಜೆ ಕಟ್ಟಿದ ಚೆಂಡು, ಒರಟು-ನಯ ಬಟ್ಟೆಗಳಂತಹ ಸಾಮಗ್ರಿ ಒದಗಿಸಿ ಗುಂಪಿನಲ್ಲಿಯೇ ಆಡಿಸುವುದು.

## ಸುರಕ್ಷತೆ

ಮೂರು ವರ್ಷದೊಳಗಿನ ಮಕ್ಕಳ ಕೈಗೆ ಬೀಜ, ಗೋಲಿ, ಮಣಿ, ಗುಂಡಿ ಬ್ಯಾಟರಿಗಳು ಸಿಗಬಾರದು. ಇವು ಗಂಟಲಿನಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ನುಂಗಿದ ಗುಂಡಿ ಬ್ಯಾಟರಿಯು ಅನ್ನನಾಳವನ್ನು ಸುಡುವುದರಿಂದ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಕೀಟನಾಶಕದ ಖಾಲಿ ಡಬ್ಬಿ, ಬಾಟಲಿಗಳು ಎಷ್ಟು ತೊಳೆದರೂ ಆಟದ ಸಾಮಗ್ರಿಯಾಗಬಾರದು. ತೆರೆದ ಬಾವಿ, ನೀರಿನ ತೊಟ್ಟಿ ಮತ್ತು ಬೇಲಿಯಿಲ್ಲದ ಕೃಷಿಹೊಂಡಗಳ ಬಳಿ ಮಕ್ಕಳನ್ನು ಒಂಟಿಯಾಗಿ ಬಿಡಬಾರದು. 2021ರ ಜನವರಿ 1ರಿಂದ ಭಾರತದಲ್ಲಿ 14 ವರ್ಷದೊಳಗಿನವರ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಅರಗಿನ ಬಣ್ಣ ಲೇಪಿಸಿದ ಚನ್ನಪಟ್ಟಣದ ಮರದ ಆಟಿಕೆಗಳು ಭೌಗೋಳಿಕ ಸೂಚಕ ಮಾನ್ಯತೆ ಪಡೆದಿವೆ.

## ಚರ್ಚೆ ಮತ್ತು ಮಿತಿಗಳು

ಆಟದ ಮಹತ್ವವನ್ನು ಕುರಿತ ಎಲ್ಲ ಹೇಳಿಕೆಗಳಿಗೂ ಸಮಾನ ಆಧಾರವಿಲ್ಲ. ಏಂಜಲಿನ್ ಲಿಲಾರ್ಡ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ವಿಮರ್ಶೆಯು, ನಟನೆಯ ಆಟವೇ ಸೃಜನಶೀಲತೆಗೆ ಅಥವಾ ಬುದ್ಧಿಶಕ್ತಿಗೆ ಕಾರಣ ಎಂಬುದಕ್ಕೆ ಅಂದಿನ ಅಧ್ಯಯನಗಳು ಸಾಕಷ್ಟು ಪುರಾವೆ ಕೊಡುವುದಿಲ್ಲ ಎಂದಿತು. ಆಟವು ಬೆಳವಣಿಗೆಗೆ ಇರುವ ಹಲವು ದಾರಿಗಳಲ್ಲಿ ಒಂದಾಗಿರಬಹುದು, ಅಥವಾ ಬೇರೆ ಸಾಮರ್ಥ್ಯಗಳ ಜೊತೆಗೆ ಬರುವ ಲಕ್ಷಣವಾಗಿರಬಹುದು ಎಂಬುದು ಅವರ ವಾದ. ಜಮೈಕಾದ ಅಧ್ಯಯನದಲ್ಲಿಯೂ ಆಟಿಕೆಯನ್ನು ತಾಯಿ-ಮಗುವಿನ ಒಡನಾಟದಿಂದ ಬೇರ್ಪಡಿಸಿ ನೋಡಲಾಗದು. ಆದರೂ ಆಟದ ಅವಧಿಯನ್ನು ಕಿತ್ತುಕೊಂಡು ಅಕ್ಷರಾಭ್ಯಾಸಕ್ಕೆ ಕೊಟ್ಟರೆ ಲಾಭವಾಗುತ್ತದೆ ಎಂಬುದನ್ನು ಈ ವಿಮರ್ಶೆ ಸಮರ್ಥಿಸುವುದಿಲ್ಲ.

ವಾಸ್ತವದಲ್ಲಿ ಆ ಒತ್ತಡವೇ ಹೆಚ್ಚು. ಖಾಸಗಿ ಎಲ್‌ಕೆಜಿ, ಯುಕೆಜಿಗಳಲ್ಲಿ ಮೂರು-ನಾಲ್ಕು ವರ್ಷಕ್ಕೇ ಬರವಣಿಗೆ ಆರಂಭವಾಗುವುದನ್ನು ಕಂಡ ಪೋಷಕರು ಅಂಗನವಾಡಿಯಿಂದಲೂ ಅದನ್ನೇ ನಿರೀಕ್ಷಿಸುತ್ತಾರೆ. "ಬರೀ ಆಡಿಸಿ ಕಳಿಸುತ್ತಾರೆ" ಎಂಬುದು ಸಾಮಾನ್ಯ ದೂರು. ಇನ್ನೊಂದೆಡೆ ಒಬ್ಬ ಕಾರ್ಯಕರ್ತೆ ಮತ್ತು ಒಬ್ಬ ಸಹಾಯಕಿ ಆಹಾರ ವಿತರಣೆ, ತೂಕ ಮಾಡುವುದು, ಮನೆಭೇಟಿ, ದಾಖಲೆ ಹಾಗೂ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಮಾಹಿತಿ ತುಂಬುವ ಕೆಲಸಗಳ ನಡುವೆ ಆಟಕ್ಕೆ ಸಮಯ ಹೊಂದಿಸಬೇಕಾಗಿದೆ. ಪೆಟ್ಟಿಗೆಯಲ್ಲಿ ಬಂದ ಆಟಿಕೆಗಳು ಹಾಳಾದೀತೆಂಬ ಭಯದಿಂದ ಬೀರುವಿನಲ್ಲೇ ಉಳಿದರೆ ಅವುಗಳಿಂದ ಮಕ್ಕಳಿಗೆ ಪ್ರಯೋಜನವಿಲ್ಲ. ಇಂತಹ ಕಡೆ ಜೋಳದ ದಂಟು, ಎರೆಮಣ್ಣು, ಬಟ್ಟೆತುಂಡುಗಳಂತಹ ಸ್ಥಳೀಯ ಸಾಮಗ್ರಿಗಳು ಖರ್ಚಿಲ್ಲದೆ ದೊರೆಯುತ್ತವೆ, ಕೆಟ್ಟರೆ ಮತ್ತೆ ಮಾಡಿಕೊಳ್ಳಬಹುದು, ಮತ್ತು ಅವುಗಳನ್ನು ಬಳಸುವ ಬಗೆ ಊರಿನ ಹಿರಿಯರಿಗೆ ಈಗಾಗಲೇ ಗೊತ್ತಿದೆ.